ಜೆಪೆಗ್, ಪಿಎನ್‌ಜಿ, ವೆಬ್‌ಪಿ, ಎವಿಐಎಫ್: ಎಲ್ಲಾನೂ ಪಕ್ಕಪಕ್ಕ ಇಟ್ಟು ನೋಡಿದಾಗ

ಯಾವ ಇಮೇಜ್ ಫಾರ್ಮ್ಯಾಟ್ ಒಳ್ಳೇದು ಅಂತ ಹುಡುಕಿದ್ರೆ ಸಿಗೋ ಹೋಲಿಕೆಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಇರುತ್ತೆ, ಒಂದು ಫೋಟೋ ತಗೋತಾರೆ, ಜೆಪೆಗ್‌ನಲ್ಲಿ ಕ್ವಾಲಿಟಿ 80 ಇಟ್ಟು ಸೇವ್ ಮಾಡ್ತಾರೆ, ವೆಬ್‌ಪಿಯಲ್ಲೂ 80, ಎವಿಐಎಫ್‌ನಲ್ಲೂ 80, ಆಮೇಲೆ ಯಾವುದು ಎಷ್ಟು ಕೆಬಿ ಅಂತ ಬರೆದು ಚಿಕ್ಕದಾಗಿರೋದಕ್ಕೆ ಮೊದಲನೇ ಸ್ಥಾನ ಕೊಟ್ಟುಬಿಡ್ತಾರೆ. ಈ ಹೋಲಿಕೆ ಬುಡದಲ್ಲೇ ತಪ್ಪು. ಜೆಪೆಗ್‌ನ 80ಕ್ಕೂ ವೆಬ್‌ಪಿಯ 80ಕ್ಕೂ ಯಾವ ಸಂಬಂಧಾನೂ ಇಲ್ಲ, ಅದು ಪರ್ಸೆಂಟ್ ಅಲ್ಲ, ಆ ಎನ್‌ಕೋಡರ್ (ಚಿತ್ರಾನ ಕಂಪ್ರೆಸ್ ಮಾಡಿ ಫೈಲ್ ಮಾಡೋ ಪ್ರೋಗ್ರಾಮ್) ಬರೆದೋರು ತಮ್ಮ ಅನುಕೂಲಕ್ಕೆ ಇಟ್ಕೊಂಡಿರೋ ಒಂದು ಅಳತೆ. ಜೆಪೆಗ್ ಒಂದನ್ನೇ ತಗೊಂಡ್ರೂ ಫೋಟೋಶಾಪ್‌ನ ಸೇವ್ ಆಸ್‌ನಲ್ಲಿ 0ಯಿಂದ 12 ಇದೆ, ಗಿಂಪ್‌ನಲ್ಲಿ 0ಯಿಂದ 100 ಇದೆ, ಒಂದು ಸಾಫ್ಟ್‌ವೇರ್‌ನ 90 ಇನ್ನೊಂದರ 90ಕ್ಕೆ ಸಮ ಆಗ್ಬೇಕು ಅಂತಾನೂ ಏನಿಲ್ಲ.

ಹಂಗಾಗಿ ನಾನು ನೋಡಿದ ರೀತಿ ಬೇರೆ. ಒಂದೇ ಚಿತ್ರಾನ ಎಲ್ಲಾ ಫಾರ್ಮ್ಯಾಟ್‌ನಲ್ಲೂ ಹೆಚ್ಚುಕಮ್ಮಿ ಒಂದೇ ಫೈಲ್ ಸೈಜಿಗೆ ಬರೋ ಹಾಗೆ ಮಾಡೋದು, ಆಮೇಲೆ 100% ಜೂಮ್‌ನಲ್ಲಿ ಪಕ್ಕಪಕ್ಕ ಇಟ್ಟು ಯಾವುದು ಮೂಲಕ್ಕೆ ಹತ್ತಿರ ಇದೆ ಅಂತ ನೋಡೋದು. ಆಮೇಲೆ ಇದನ್ನೇ ತಿರುಗಿಸಿ, ಮೂಲಕ್ಕೂ ಇದಕ್ಕೂ ವ್ಯತ್ಯಾಸ ಕಾಣದೆ ಇರೋ ಮಟ್ಟಕ್ಕೆ ತಂದು ಆಗ ಸೈಜ್ ಎಷ್ಟು ಅಂತ ನೋಡೋದು. ಈ ಎರಡು ಪರೀಕ್ಷೆಗೂ ಉತ್ತರ ಒಂದೇ ಬರೋದಿಲ್ಲ, ಮುಂದೆ ಹೇಳೋ ಮಾತೆಲ್ಲಾ ಇದರ ಸುತ್ತಾನೇ ಇದೆ. ಮಾಡಿ ನೋಡ್ಬೇಕು ಅನ್ನೋರಿಗೆ ಸ್ಕ್ವೂಶ್ ಅನ್ನೋ ಫ್ರೀ ಟೂಲ್ ಸಾಕು, ಬ್ರೌಸರ್‌ನಲ್ಲೇ ಓಡುತ್ತೆ, ನಡುವೆ ಒಂದು ಗೆರೆ ಇರುತ್ತೆ, ಅದನ್ನ ಎಳೀತಾ ಎಡಗಡೆ ಮೂಲ ಬಲಗಡೆ ಕಂಪ್ರೆಸ್ ಆಗಿದ್ದು ಅಂತ ನೋಡ್ಬಹುದು. ತುಂಬಾ ಫೈಲ್ ಇದ್ರೆ ಎಲ್ಲಾನೂ ಒಟ್ಟಿಗೆ ಬದಲಾಯಿಸೋ ಇಮೇಜ್‌ಮ್ಯಾಜಿಕ್. ಒಂದು ವಿಷಯ ಮಾತ್ರ ಮರೀಬಾರ್ದು, ಪರೀಕ್ಷೆಗೆ ತಗೊಳ್ಳೋ ಮೂಲ ಚಿತ್ರ ರಾ ಫೈಲ್‌ನಿಂದ (ಕ್ಯಾಮೆರಾ ಸೆನ್ಸರ್ ಕೊಟ್ಟಿದ್ದು ಹಾಗೇ ಇರೋ ಫೈಲ್) ಬಂದಿರ್ಬೇಕು ಇಲ್ಲಾ ಲಾಸ್‌ಲೆಸ್, ಅಂದ್ರೆ ಒಂಚೂರೂ ವಿವರ ಕಳ್ಕೊಳ್ಳದ್ದು, ಆಗಿರ್ಬೇಕು. ಈಗಾಗ್ಲೇ ಜೆಪೆಗ್ ಆಗಿರೋದನ್ನ ಮೂಲ ಅಂತ ಇಟ್ಕೊಂಡ್ರೆ ಅದರಲ್ಲಿರೋ ಹಳೇ ಗಲೀಜನ್ನೇ ಹೊಸ ಫಾರ್ಮ್ಯಾಟು ಕಷ್ಟಪಟ್ಟು ಕಾಪಾಡೋಕೆ ಹೋಗುತ್ತೆ, ಆ ಫಲಿತಾಂಶ ಯಾವುದಕ್ಕೂ ಪ್ರಯೋಜನ ಇಲ್ಲ.

ಚಿತ್ರಗಳನ್ನೂ ಬೇರೆ ಬೇರೆ ಜಾತಿಯವು ತಗೊಂಡೆ. ಎಲೆ, ಕೂದಲು, ಬಟ್ಟೆಯ ನೇಯ್ಗೆ ಎಲ್ಲಾ ಇರೋ ಒಂದು ಫೋಟೋ, ಬರೀ ಸಂಜೆ ಆಕಾಶ ಇರೋ ಇನ್ನೊಂದು, ಕನ್ನಡ ಅಕ್ಷರ ತುಂಬಿರೋ ಸ್ಕ್ರೀನ್‌ಶಾಟು, ಹಳೇ ಕಪ್ಪು ಬಿಳುಪು ಫೋಟೋದ ಸ್ಕ್ಯಾನು. ಒಂದರಲ್ಲಿ ಗೆದ್ದ ಫಾರ್ಮ್ಯಾಟ್ ಇನ್ನೊಂದರಲ್ಲಿ ಮಕಾಡೆ ಮಲಗುತ್ತೆ, ಅದಕ್ಕೇ ಒಂದೇ ಒಂದು ಫೋಟೋ ಇಟ್ಕೊಂಡು ಹೇಳೋ ತೀರ್ಪನ್ನ ನಂಬಬೇಡಿ.

ಮೊದಲು ಒಂದು ಸಣ್ಣ ಲೆಕ್ಕ, ಯಾಕಂದ್ರೆ ಇದು ಗೊತ್ತಿದ್ರೆ ಮಿಕ್ಕಿದ್ದೆಲ್ಲಾ ಸುಲಭ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಂದ್ರೆ ಸಾಮಾನ್ಯವಾಗಿ 6000 ಅಡ್ಡ 4000 ಉದ್ದ, ಒಟ್ಟು 2.4 ಕೋಟಿ ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್, ಅಲ್ಲಿಗೆ 72 ಎಂಬಿ. ಕಂಪ್ರೆಸ್ ಮಾಡದ ಬಿಎಂಪಿ ಫೈಲ್‌ನಲ್ಲಿ ಸೇವ್ ಮಾಡಿದ್ರೆ ನಿಜವಾಗ್ಲೂ ಅಷ್ಟೇ ಆಗುತ್ತೆ. ಅದನ್ನೇ ಜೆಪೆಗ್ ಒಂದು ಹತ್ತು ಎಂಬಿ ಆಸುಪಾಸಿಗೆ, ಕೆಲವು ಸಲ ಐದಕ್ಕೂ ಇಳಿಸಿಬಿಡುತ್ತೆ, ಸಾಮಾನ್ಯ ಕಣ್ಣಿಗೆ ಏನೂ ಗೊತ್ತಾಗಲ್ಲ. ಮಿಕ್ಕ ಅರವತ್ತು ಚಿಲ್ಲರೆ ಎಂಬಿ ಎಲ್ಲಿ ಹೋಯ್ತು ಅನ್ನೋ ಪ್ರಶ್ನೆಗೆ ಉತ್ತರಾನೇ ಈ ಫಾರ್ಮ್ಯಾಟ್‌ಗಳ ನಡುವಿನ ವ್ಯತ್ಯಾಸ.

ಜೆಪೆಗ್ ಸ್ಟ್ಯಾಂಡರ್ಡ್ ಬಂದಿದ್ದು 1992ರಲ್ಲಿ. ಅದರ ಜೀವಾಳ ಡಿಸಿಟಿ ಅನ್ನೋ ಗಣಿತ, ಅದನ್ನ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಸೇರಿ 1974ರಲ್ಲಿ ಪ್ರಕಟಿಸಿದ್ರು, ಇವತ್ತು ಪ್ರಪಂಚದಲ್ಲಿ ಓಡಾಡ್ತಿರೋ ಫೋಟೋ ವಿಡಿಯೋಗಳಲ್ಲಿ ಬಹುಪಾಲು ಇವರ ಕೆಲಸದ ಮೇಲೆ ನಿಂತಿವೆ, ಈ ಮೂರು ಹೆಸರು ಇನ್ನೂ ಹೆಚ್ಚು ಜನಕ್ಕೆ ಗೊತ್ತಿರ್ಬೇಕಿತ್ತು ಅಂತ ನಂಗೆ ಯಾವಾಗ್ಲೂ ಅನ್ಸುತ್ತೆ. ಜೆಪೆಗ್ ಏನ್ ಮಾಡುತ್ತೆ ಅಂದ್ರೆ ಚಿತ್ರಾನ 8 ಅಡ್ಡ 8 ಉದ್ದದ ಪುಟ್ಟ ಪುಟ್ಟ ಚೌಕಗಳಾಗಿ ಕತ್ತರಿಸುತ್ತೆ, ಪ್ರತಿ ಚೌಕದಲ್ಲೂ ನಿಧಾನಕ್ಕೆ ಬದಲಾಗೋ ಬೆಳಕು ಎಷ್ಟು, ಪಟಪಟ ಬದಲಾಗೋ ಸೂಕ್ಷ್ಮ ವಿವರ ಎಷ್ಟು ಅಂತ ಬೇರೆ ಮಾಡುತ್ತೆ, ಸೂಕ್ಷ್ಮ ವಿವರಾನ ಒರಟಾಗಿ ರೌಂಡ್ ಆಫ್ ಮಾಡಿ ಎಸೆಯುತ್ತೆ, ಯಾಕಂದ್ರೆ ನಮ್ಮ ಕಣ್ಣು ಅದನ್ನ ಅಷ್ಟಾಗಿ ಗಮನಿಸಲ್ಲ. ಇದರ ಜೊತೆಗೆ ಬೆಳಕನ್ನ ಬೇರೆ, ಬಣ್ಣಾನ ಬೇರೆ ಮಾಡಿ, ಸಾಮಾನ್ಯವಾಗಿ ಬಣ್ಣದ ಭಾಗಾನ ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸಿ ಇಡುತ್ತೆ, ಇದನ್ನೇ 4:2:0 ಅಂತಾರೆ. ಅಂದ್ರೆ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣ. ಎಲೆ, ಮುಖ, ಬೆಟ್ಟ ಇಂಥಾದ್ರಲ್ಲಿ ಇದು ಗೊತ್ತೇ ಆಗಲ್ಲ.

ಫೋಟೋ ಮಟ್ಟಿಗೆ ಜೆಪೆಗ್ ಇವತ್ತಿಗೂ ಗಟ್ಟಿ ಅಂತ ಧೈರ್ಯವಾಗಿ ಹೇಳ್ತೀನಿ. ಗಿಂಪ್‌ನಂಥ ಸಾಫ್ಟ್‌ವೇರ್‌ನಲ್ಲಿ 85ರಿಂದ 92ರ ಒಳಗೆ ಇಟ್ರೆ 100% ಜೂಮ್‌ನಲ್ಲೂ ಎಲೆ ಎಲೆಯಾಗೇ, ಕೂದಲು ಕೂದಲಾಗೇ ಉಳಿಯುತ್ತೆ. 95 ದಾಟಿ 100ಕ್ಕೆ ಹೋದ್ರೆ ಫೈಲ್ ದುಪ್ಪಟ್ಟಾಗುತ್ತೆ, ಕಣ್ಣಿಗೆ ಸಿಗೋದು ಏನೂ ಇಲ್ಲ, ಹಾಗಂತ 100 ಇಟ್ರೆ ಲಾಸ್‌ಲೆಸ್ ಆಯ್ತು ಅಂತಾನೂ ಅಲ್ಲ, ಆಗ್ಲೂ ಒಂಚೂರು ಕಳ್ಕೊಂಡೇ ಇರುತ್ತೆ. 60ರ ಕೆಳಗೆ ಇಳಿದ್ರೆ ಚೌಕಗಳು ಕಾಣೋಕೆ ಶುರುವಾಗ್ತವೆ, ಅದ್ರಲ್ಲೂ ಆಕಾಶದ ಥರ ಸಪಾಟಾಗಿರೋ ಜಾಗದಲ್ಲಿ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಜೆಪೆಗ್ ಫಾರ್ಮ್ಯಾಟ್ ಹಳೇದಾದ್ರೂ ಅದನ್ನ ಬರೆಯೋ ಎನ್‌ಕೋಡರ್‌ಗಳು ಬೆಳೀತಾನೇ ಇವೆ. ಮೊಜಿಲ್ಲಾದೋರು 2014ರಲ್ಲಿ ಮೊಜ್‌ಜೆಪೆಗ್ ಬಿಟ್ರು, ಗೂಗಲ್‌ನೋರು 2024ರಲ್ಲಿ ಜೆಪೆಗ್ಲಿ ಬಿಟ್ರು, ಹೈ ಕ್ವಾಲಿಟಿ ಇಟ್ಟಾಗ 35% ತನಕ ಉಳಿತಾಯ ಅಂತ ಗೂಗಲ್ ಹೇಳ್ಕೊಂಡಿದೆ. ಇವೆರಡೂ ಬರೆಯೋ ಫೈಲ್ ಅಪ್ಪಟ ಜೆಪೆಗ್ಗೇ, ಇಪ್ಪತ್ತು ವರ್ಷ ಹಳೇ ಕಂಪ್ಯೂಟರ್‌ನಲ್ಲೂ ತೆರೆಯುತ್ತೆ. ಹೊಸ ಫಾರ್ಮ್ಯಾಟನ್ನ ಹೊಗಳೋ ಹೋಲಿಕೆಗಳಲ್ಲಿ ಜೆಪೆಗ್‌ನ ಯಾವ ಎನ್‌ಕೋಡರ್‌ನಿಂದ ಮಾಡಿದ್ರು ಅಂತ ಹೇಳೋದೇ ಇಲ್ಲ, ಹಳೇ ಎನ್‌ಕೋಡರ್ ಎದುರಿಗೆ ಹೊಸದನ್ನ ನಿಲ್ಸಿದ್ರೆ ಹೊಸದು ಗೆಲ್ಲದೆ ಇನ್ನೇನಾಗುತ್ತೆ.

ಜೆಪೆಗ್‌ನ ನಿಜವಾದ ತೊಂದರೆ ಮತ್ತೆ ಮತ್ತೆ ಸೇವ್ ಮಾಡೋದ್ರಲ್ಲಿದೆ. ತೆರೆದು ನೋಡಿ ಮುಚ್ಚಿದ್ರೆ ಏನೂ ಆಗಲ್ಲ, ಕಾಪಿ ಮಾಡಿದ್ರೂ ಏನೂ ಆಗಲ್ಲ, ಆದ್ರೆ ತೆರೆದು ಚೂರು ಕ್ರಾಪ್ ಮಾಡಿ ಸೇವ್, ಮತ್ತೆ ತೆರೆದು ಬ್ರೈಟ್‌ನೆಸ್ ಏರ್ಸಿ ಸೇವ್, ಹಿಂಗೆ ಮಾಡಿದಾಗೆಲ್ಲಾ ಮತ್ತೆ ರೌಂಡ್ ಆಫ್ ಆಗ್ತಾ ಹೋಗುತ್ತೆ. ಕ್ರಾಪ್ ಆದಾಗ 8x8 ಚೌಕಗಳ ಗಡಿ ಸರಿಯೋದ್ರಿಂದ ಇನ್ನೂ ಜಾಸ್ತಿ ಹಾಳಾಗುತ್ತೆ. ಬರೀ ತಿರುಗಿಸ್ಬೇಕು ಅಂದ್ರೆ ಜೆಪೆಗ್‌ಟ್ರಾನ್ ಥರದ ಟೂಲ್ ಇವೆ, ಅವು ಚೌಕಗಳನ್ನ ಬಿಚ್ಚಿ ಮತ್ತೆ ಕಂಪ್ರೆಸ್ ಮಾಡದೇನೇ ಜಾಗ ಬದಲಾಯಿಸಿ ತಿರುಗಿಸ್ತವೆ, ಅಳತೆ ಆ ಚೌಕಗಳಿಗೆ ಸರಿಯಾಗಿ ಹೊಂದಿಕೊಂಡ್ರೆ ಒಂದು ಚೂರೂ ನಷ್ಟ ಇಲ್ಲ.

ಈಗ ಸ್ಕ್ರೀನ್‌ಶಾಟ್ ವಿಷಯಕ್ಕೆ ಬರೋಣ, ಇದರಲ್ಲಿ ಜೆಪೆಗ್ ಸೋತಿದ್ದು ನೋಡೋಕೆ ಬೇಜಾರಾಗುತ್ತೆ. ಕನ್ನಡ ಅಕ್ಷರದ ಕೆಳಗೆ ಬರೋ ಒತ್ತು ಮೊದಲೇ ಸಣ್ಣದು, ಕೊಂಬು ದೀರ್ಘ ಎಲ್ಲಾ ಒಂದೆರಡು ಪಿಕ್ಸೆಲ್ ದಪ್ಪದ ಗೆರೆ, ಕಪ್ಪಿಂದ ಬಿಳಿಗೆ ಒಂದೇ ಏಟಿಗೆ ಬದಲಾಗೋ ಅಂಚು. ಡಿಸಿಟಿ ಎಸೆಯೋದೇ ಇಂಥ ಚೂಪಾದ ವಿವರಾನ, ಅದಕ್ಕೇ ಅಕ್ಷರದ ಸುತ್ತ ಬೂದು ಬಣ್ಣದ ಚುಕ್ಕಿ ಚುಕ್ಕಿ ಕಸ ಸೇರ್ಕೊಳ್ಳುತ್ತೆ, ಒತ್ತಕ್ಷರದ ಸಣ್ಣ ಸಂದು ಮುಚ್ಚಿಹೋಗುತ್ತೆ. ಬಣ್ಣದ ಅಕ್ಷರ ಆದ್ರಂತೂ ಕೇಳ್ಬೇಡಿ, ನೀಲಿ ಹಿನ್ನೆಲೆ ಮೇಲೆ ಕೆಂಪು ಅಕ್ಷರ ಇದ್ರೆ 4:2:0 ಕಾರಣಕ್ಕೆ ಕೆಂಪು ಪಕ್ಕಕ್ಕೆ ಸೋರುತ್ತೆ, ಕ್ವಾಲಿಟಿ ನಂಬರ್ ಎಷ್ಟೇ ಏರ್ಸಿದ್ರೂ ಈ ಸೋರೋದು ಪೂರ್ತಿ ನಿಲ್ಲಲ್ಲ, ಯಾಕಂದ್ರೆ ಬಣ್ಣ ಕಂಪ್ರೆಸ್ ಆಗೋಕೆ ಮೊದಲೇ ಅರ್ಧ ಆಗಿರುತ್ತೆ. ಅಕ್ಷರ ಇರೋ ಚಿತ್ರಾನ ಜೆಪೆಗ್ ಮಾಡ್ಲೇಬೇಕು ಅನ್ನೋ ಪರಿಸ್ಥಿತಿ ಬಂದ್ರೆ ಸಬ್‌ಸ್ಯಾಂಪ್ಲಿಂಗ್ ಅನ್ನೋ ಆಯ್ಕೆ ಹುಡುಕಿ 4:4:4 ಮಾಡಿ, ಪೋಸ್ಟರ್ ಡಿಸೈನ್ ಮಾಡೋರಿಗೆ ಇದೊಂದು ಬದಲಾವಣೆಯಿಂದಲೇ ಅರ್ಧ ಸಮಸ್ಯೆ ಹೋಗುತ್ತೆ.

ಅಕ್ಷರ, ಚಾರ್ಟು, ಲೋಗೋ, ಸಾಫ್ಟ್‌ವೇರ್ ಪರದೆ ಇವಕ್ಕೆಲ್ಲಾ ಪಿಎನ್‌ಜಿನೇ ಸರಿ. 1996ರಲ್ಲಿ ಬಂದಿದ್ದು. ಜಿಫ್‌ನಲ್ಲಿ ಬಳಸ್ತಿದ್ದ ಎಲ್‌ಜೆಡ್‌ಡಬ್ಲ್ಯೂ ಕಂಪ್ರೆಶನ್ ಮೇಲೆ ಪೇಟೆಂಟ್ ಇತ್ತು, ಅದಕ್ಕೆ ಯುನಿಸಿಸ್ ಕಂಪನಿ ದುಡ್ಡು ಕೇಳೋಕೆ ಶುರು ಮಾಡ್ದಾಗ ಯಾರ ಹಂಗೂ ಇಲ್ಲದ ಒಂದು ಫಾರ್ಮ್ಯಾಟ್ ಬೇಕು ಅಂತ ಜನ ಸೇರಿ ಮಾಡಿದ್ದು ಇದು. ಒಂದು ಪಿಕ್ಸೆಲ್ ಕೂಡ ಬದಲಾಗಲ್ಲ, ಎಷ್ಟು ಸಲ ಸೇವ್ ಮಾಡಿದ್ರೂ ಹಂಗೇ ಇರುತ್ತೆ, ಪಾರದರ್ಶಕ ಹಿನ್ನೆಲೆ ಸಿಗುತ್ತೆ, 16 ಬಿಟ್ ಬಣ್ಣಾನೂ (ಬಿಟ್ ಜಾಸ್ತಿ ಇದ್ದಷ್ಟೂ ಬಣ್ಣದ ಮೆಟ್ಟಿಲು ಜಾಸ್ತಿ) ಇಡ್ಬಹುದು. ಪಿಎನ್‌ಜಿ ಪ್ರತಿ ಸಾಲಲ್ಲೂ ಪಕ್ಕದ ಪಿಕ್ಸೆಲ್, ಮೇಲಿನ ಪಿಕ್ಸೆಲ್ ನೋಡಿ ಮುಂದಿಂದು ಏನಿರ್ಬಹುದು ಅಂತ ಊಹೆ ಮಾಡಿ ವ್ಯತ್ಯಾಸ ಮಾತ್ರ ಬರ್ಕೊಳ್ಳುತ್ತೆ, ಸ್ಕ್ರೀನ್‌ಶಾಟ್‌ನಲ್ಲಿ ದೊಡ್ಡ ದೊಡ್ಡ ಒಂದೇ ಬಣ್ಣದ ಜಾಗ ಇರೋದ್ರಿಂದ ವ್ಯತ್ಯಾಸ ಸೊನ್ನೆ, ಫೈಲ್ ಪುಟಾಣಿ, ಕೆಲವು ಸಲ ಅದೇ ಚಿತ್ರದ ಜೆಪೆಗ್‌ಗಿಂತಾನೂ ಚಿಕ್ಕದು. ಆದ್ರೆ ಫೋಟೋ ಕೊಟ್ರೆ ಕಥೆ ಬೇರೆ, ಸೆನ್ಸರ್‌ನ ನಾಯ್ಸ್, ಅಂದ್ರೆ ಕಾಳುಕಾಳು ಕಸ, ಇರುತ್ತಲ್ಲ, ಒಂದು ಪಿಕ್ಸೆಲ್ ಇದ್ದ ಹಾಗೆ ಪಕ್ಕದ್ದು ಇರಲ್ಲ, ಊಹೆ ಎಲ್ಲಾ ತಪ್ಪುತ್ತೆ, ಆ 72 ಎಂಬಿ ಚಿತ್ರ ಇಳಿದ್ರೆ ಅರ್ಧಕ್ಕೆ ಇಳೀಬಹುದು ಅಷ್ಟೆ. ಕೆಲವರು ಫೋನಲ್ಲಿ ತೆಗೆದ ಜೆಪೆಗ್ ಫೋಟೋನ ಪಿಎನ್‌ಜಿ ಮಾಡಿ ಕ್ವಾಲಿಟಿ ಜಾಸ್ತಿ ಆಯ್ತು ಅಂತ ಇಟ್ಕೋತಾರೆ, ಒಂದು ಸಲ ಎಸೆದ ವಿವರ ಯಾವ ಫಾರ್ಮ್ಯಾಟ್‌ಗೆ ಹಾಕಿದ್ರೂ ವಾಪಸ್ ಬರಲ್ಲ, ಡಿಸ್ಕ್ ಜಾಗ ಮಾತ್ರ ಹೋಗುತ್ತೆ.

ಪಿಎನ್‌ಜಿ ಸೈಜ್ ಇಳಿಸೋಕೆ ಎರಡು ದಾರಿ ಇವೆ, ಎರಡೂ ಒಂದೇ ಅಂದ್ಕೋಬೇಡಿ. ಆಕ್ಸಿಪಿಎನ್‌ಜಿ, ಆಪ್ಟಿಪಿಎನ್‌ಜಿ ಇವು ಒಂದು ಪಿಕ್ಸೆಲ್ಲೂ ಮುಟ್ಟದೆ ಇನ್ನೂ ಬಿಗಿಯಾಗಿ ಪ್ಯಾಕ್ ಮಾಡ್ತವೆ, ಉಳಿತಾಯ ಸಾಧಾರಣ. ಪಿಎನ್‌ಜಿಕ್ವಾಂಟ್ ಬಣ್ಣಗಳನ್ನ 256ಕ್ಕೆ ಇಳಿಸುತ್ತೆ, ಅರ್ಧಕ್ಕಿಂತ ಜಾಸ್ತಿ ಉಳಿಯೋದು ಸಾಮಾನ್ಯ, ಐಕಾನು ಚಾರ್ಟುಗಳಲ್ಲಿ ವ್ಯತ್ಯಾಸಾನೇ ಕಾಣಲ್ಲ, ಆದ್ರೆ ಅದು ಲಾಸಿ, ಅಂದ್ರೆ ಒಂದಿಷ್ಟು ವಿವರ ಕಳ್ಕೊಳ್ಳುತ್ತೆ, ಮೂಲ ಪ್ರತಿ ಮೇಲೆ ಓಡಿಸಬೇಡಿ. ಲೋಗೋ ವೆಕ್ಟರ್‌ನಲ್ಲಿ (ಪಿಕ್ಸೆಲ್ ಬದಲು ಗೆರೆ, ಆಕಾರಗಳ ಲೆಕ್ಕವಾಗಿ) ಸಿಗೋದಾದ್ರೆ ಇದ್ಯಾವುದೂ ಬೇಡ, ಎಸ್‌ವಿಜಿ ಇಟ್ಕೊಳ್ಳಿ, ಎಷ್ಟು ದೊಡ್ಡದು ಮಾಡಿದ್ರೂ ಅಂಚು ಒಡೆಯಲ್ಲ.

ಜಿಫ್ ಬಗ್ಗೆ ಹೆಚ್ಚು ಹೇಳೋದಿಲ್ಲ. 1987ರದ್ದು, ಒಂದು ಫ್ರೇಮ್‌ಗೆ 256 ಬಣ್ಣ, ಪಾರದರ್ಶಕ ಅಂದ್ರೆ ಇದೆ ಇಲ್ಲ ಎರಡೇ, ನಡುವಿಂದು ಇಲ್ಲ. ನಿಂತ ಚಿತ್ರಕ್ಕೆ ಬಳಸೋಕೆ ಇವತ್ತು ಒಂದು ಕಾರಣಾನೂ ಉಳಿದಿಲ್ಲ. ಓಡೋ ಚಿತ್ರಕ್ಕೂ ವಿಡಿಯೋ ಫೈಲ್ ಹಾಕಿದ್ರೆ ಎಷ್ಟೋ ಪಟ್ಟು ಚಿಕ್ಕದಾಗುತ್ತೆ.

ವೆಬ್‌ಪಿ ವಿಷಯದಲ್ಲಿ ನನ್ನ ಅಭಿಪ್ರಾಯ ಇಬ್ಭಾಗ ಆಗಿದೆ, ಯಾಕಂದ್ರೆ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಫಾರ್ಮ್ಯಾಟ್ ಇವೆ. ಗೂಗಲ್ 2010ರಲ್ಲಿ ಬಿಟ್ಟ ಲಾಸಿ ವೆಬ್‌ಪಿ ವಿಪಿ8 ವಿಡಿಯೋದ ಒಂದು ಫ್ರೇಮ್ ಇದ್ದ ಹಾಗೆ. ಜೆಪೆಗ್‌ಗಿಂತ 25ರಿಂದ 34% ಚಿಕ್ಕದು ಅಂತ ಗೂಗಲ್ ಹೇಳುತ್ತೆ. ಕಮ್ಮಿ ಸೈಜ್‌ನಲ್ಲಿ, ಅಂದ್ರೆ ವೆಬ್‌ಸೈಟ್‌ನ ಥಂಬ್‌ನೇಲ್ ಥರದ್ದಕ್ಕೆ, ಈ ಮಾತು ಒಪ್ಕೋತೀನಿ, ಜೆಪೆಗ್‌ನಲ್ಲಿ ಚೌಕ ಕಾಣೋ ಸೈಜ್‌ನಲ್ಲಿ ವೆಬ್‌ಪಿ ನಯವಾಗಿ ಕಾಣುತ್ತೆ. ಆದ್ರೆ ಹೈ ಕ್ವಾಲಿಟಿಗೆ ಏರ್ತಾ ಹೋದ ಹಾಗೆ ಆ ಲಾಭ ಕರಗುತ್ತೆ, ಮೊಜ್‌ಜೆಪೆಗ್ ಎದುರು ಇಟ್ಟಾಗ ಎಲೆ, ಬಟ್ಟೆ ಇರೋ ಫೋಟೋದಲ್ಲಿ ವೆಬ್‌ಪಿ ಗೆದ್ದಿದೆ ಅಂತ ನಂಗೆ ಹೇಳೋಕೆ ಆಗ್ಲಿಲ್ಲ. ಇದಕ್ಕೆ ಕಾರಣ ಒಳಗಡೆ ಇದೆ, ಲಾಸಿ ವೆಬ್‌ಪಿಯಲ್ಲಿ 4:2:0 ಬಿಟ್ಟು ಬೇರೆ ಆಯ್ಕೆನೇ ಇಲ್ಲ, 8 ಬಿಟ್ ಬಿಟ್ಟು ಮೇಲಕ್ಕೆ ಹೋಗಲ್ಲ, ಆ 8 ಬಿಟ್‌ನಲ್ಲೂ ಬೆಳಕಿಗೆ ವಿಡಿಯೋ ಥರ 16ರಿಂದ 235ರ ತನಕದ ಮೆಟ್ಟಿಲು ಮಾತ್ರ ಬಳಸುತ್ತೆ, ಜೆಪೆಗ್ 0ಯಿಂದ 255 ಪೂರ್ತಿ ಬಳಸುತ್ತೆ. ಸಂಜೆ ಆಕಾಶದ ಫೋಟೋದಲ್ಲಿ ಕಿತ್ತಳೆಯಿಂದ ನೀಲಿಗೆ ಹೋಗೋ ಜಾಗದಲ್ಲಿ ಪಟ್ಟೆ ಪಟ್ಟೆ ಕಂಡಿದ್ದು ವೆಬ್‌ಪಿಯಲ್ಲೇ ಜಾಸ್ತಿ. ಅಡ್ಡ ಉದ್ದ ಯಾವುದೂ 16383 ಪಿಕ್ಸೆಲ್ ದಾಟೋ ಹಾಗೂ ಇಲ್ಲ, ಉದ್ದುದ್ದ ಪನೋರಮಾ, ಪೂರ್ತಿ ಪೇಜಿನ ಸ್ಕ್ರೀನ್‌ಶಾಟ್ ತೆಗೆಯೋರಿಗೆ ಈ ಮಿತಿ ತಗಲುತ್ತೆ.

ಲಾಸ್‌ಲೆಸ್ ವೆಬ್‌ಪಿ ಮಾತ್ರ ನಿಜವಾಗ್ಲೂ ಚೆನ್ನಾಗಿದೆ, ಇದನ್ನ ಯಾರೂ ಸಾಕಷ್ಟು ಹೊಗಳಲ್ಲ. ಪಿಎನ್‌ಜಿಗಿಂತ ಸರಾಸರಿ 26% ಚಿಕ್ಕದು ಅಂತ ಗೂಗಲ್‌ನ ಲೆಕ್ಕ, ನಾನು ನೋಡಿದ ಸ್ಕ್ರೀನ್‌ಶಾಟ್‌ಗಳಲ್ಲಿ ಆ ಮಾತು ಸುಳ್ಳಾಗ್ಲಿಲ್ಲ, ಒಂದು ಪಿಕ್ಸೆಲ್ಲೂ ಹೋಗಲ್ಲ, ಸಫಾರಿ ಕೂಡ 2020ರಲ್ಲಿ ಒಪ್ಕೊಂಡ್ಮೇಲೆ ಎಲ್ಲಾ ಮುಖ್ಯ ಬ್ರೌಸರ್‌ನಲ್ಲೂ ತೆರೆಯುತ್ತೆ. ವೆಬ್‌ಸೈಟ್ ನಡೆಸೋರು ಪಿಎನ್‌ಜಿ ಹಾಕೋ ಜಾಗದಲ್ಲೆಲ್ಲಾ ಇದನ್ನ ಹಾಕ್ಬಹುದು. ಬ್ರೌಸರ್ ಆಚೆಗೆ ಬಂದ್ರೆ ಇನ್ನೂ ತಕರಾರು ಇದೆ, ಅರ್ಜಿ ಜೊತೆ ಫೋಟೋ ಅಪ್‌ಲೋಡ್ ಮಾಡಿ ಅನ್ನೋ ಎಷ್ಟೋ ಫಾರ್ಮ್‌ಗಳು ಜೆಪೆಗ್ ಪಿಎನ್‌ಜಿ ಬಿಟ್ಟು ಏನೂ ತಗೊಳ್ಳಲ್ಲ, ಅಂಥ ಕಡೆ ಫೈಲ್‌ನ ಹೆಸರಿನ ಕೊನೆ ಬದಲಾಯಿಸಿದ್ರೆ ಸಾಲಲ್ಲ, ಸರಿಯಾಗಿ ಕನ್ವರ್ಟ್ ಮಾಡ್ಲೇಬೇಕು.

ಎವಿಐಎಫ್ ಬಗ್ಗೆ ತುಂಬಾ ಮಾತಾಡೋದಿದೆ. ಎವಿ1 ಅನ್ನೋ ವಿಡಿಯೋ ಕೋಡೆಕ್ (ವಿಡಿಯೋನ ಕಂಪ್ರೆಸ್ ಮಾಡಿ ಮತ್ತೆ ಬಿಚ್ಚೋ ವಿಧಾನ) ಮೇಲೆ ಕಟ್ಟಿದ್ದು, ಮೊದಲನೇ ಆವೃತ್ತಿ 2019ರಲ್ಲಿ ಬಂತು, ಕ್ರೋಮ್ 2020ರಲ್ಲಿ, ಫೈರ್‌ಫಾಕ್ಸ್ 2021ರಲ್ಲಿ, ಸಫಾರಿ 2022ರಲ್ಲಿ, ಎಡ್ಜ್ 2024ರಲ್ಲಿ ಒಪ್ಕೊಂಡ್ವು. 10 ಬಿಟ್, 12 ಬಿಟ್, ಎಚ್‌ಡಿಆರ್ (ತೀರಾ ಬೆಳಕು, ತೀರಾ ಕತ್ತಲು ಎರಡನ್ನೂ ತೋರ್ಸೋದು), ಪಾರದರ್ಶಕತೆ, 4:4:4 ಎಲ್ಲಾ ಇದೆ. ಫೈಲ್‌ನ ತೀರಾ ಹಿಂಡಿದಾಗ ಇದರ ಮುಂದೆ ಯಾರೂ ನಿಲ್ಲಲ್ಲ, ಅದು ನಿಜ. ಜೆಪೆಗ್ ಪುಡಿಪುಡಿ ಆಗಿರೋ ಸೈಜ್‌ನಲ್ಲಿ ಎವಿಐಎಫ್ ಇನ್ನೂ ಚೆಂದದ ಚಿತ್ರ ತೋರ್ಸುತ್ತೆ, ಅಂಚುಗಳು ಚೂಪಾಗಿರ್ತವೆ, ಆಕಾಶ 10 ಬಿಟ್‌ನಲ್ಲಿ ಪಟ್ಟೆ ಇಲ್ಲದೆ ಬರುತ್ತೆ. ಮೊದಲ ಸಲ ನೋಡಿದೋರು ಬೆರಗಾಗೋದು ಸಹಜ.

ಆದ್ರೆ ಮೂಲಾನ ಪಕ್ಕದಲ್ಲಿ ಇಟ್ಕೊಂಡು ನೋಡಿ. ಮುಖದ ಚರ್ಮದ ರಂಧ್ರ, ಸಣ್ಣ ಗೆರೆ ಎಲ್ಲಾ ಮಾಯ ಆಗಿ ಪೌಡರ್ ಬಳಿದ ಹಾಗೆ ಆಗಿರುತ್ತೆ. ದೂರದ ಹುಲ್ಲು ಹಸಿರು ಬಣ್ಣದ ಲೇಪ, ಬಟ್ಟೆಯ ನೇಯ್ಗೆ ಸಪಾಟು ಬಟ್ಟೆ. ಜೆಪೆಗ್ ಹಾಳಾದ್ರೆ ಹಾಳಾಗಿದೆ ಅಂತ ಕಾಣುತ್ತೆ, ಚೌಕ ಕಾಣುತ್ತೆ, ಅಂಚಲ್ಲಿ ಕಸ ಕಾಣುತ್ತೆ, ನೋಡಿದೋರು ಕ್ವಾಲಿಟಿ ಏರ್ಸ್ತಾರೆ. ಎವಿಐಎಫ್ ಹಾಳಾದಾಗ ಗೊತ್ತೇ ಆಗಲ್ಲ, ಮೂಲ ನೋಡದೆ ಇದ್ದೋರಿಗೆ ಆ ಹುಲ್ಲು ಅಲ್ಲಿ ಇತ್ತು ಅನ್ನೋದೇ ತಿಳಿಯಲ್ಲ, ಇದು ನಂಗೆ ಈ ಫಾರ್ಮ್ಯಾಟ್‌ನಲ್ಲಿ ಅತಿ ದೊಡ್ಡ ಅಪಾಯ ಅನ್ಸುತ್ತೆ. ಹಳೇ ಕಪ್ಪು ಬಿಳುಪು ಫೋಟೋದ ಸ್ಕ್ಯಾನ್‌ನಲ್ಲಿ ಫಿಲ್ಮ್‌ನ ಗ್ರೇನ್, ಅಂದ್ರೆ ಸಣ್ಣ ಸಣ್ಣ ಕಾಳು, ಇರುತ್ತಲ್ಲ, ಅದನ್ನ ಎವಿಐಎಫ್ ಪೂರ್ತಿ ಒರೆಸಿಹಾಕಿತ್ತು. ಎವಿ1ನಲ್ಲಿ ಗ್ರೇನನ್ನ ತೆಗೆದು, ನೋಡುವಾಗ ಅದರ ಥರದ್ದೇ ಕೃತಕ ಗ್ರೇನ್ ಸೇರಿಸೋ ವ್ಯವಸ್ಥೆ ಇದೆ, ನೋಡೋಕೆ ಚೆನ್ನಾಗೇ ಇರುತ್ತೆ, ಆದ್ರೆ ಅದು ಆ ಫೋಟೋದ ಗ್ರೇನ್ ಅಲ್ಲ, ದಾಖಲೆಗೆ ಇಡೋ ಚಿತ್ರಕ್ಕೆ ಇದನ್ನ ನಾನು ಒಪ್ಪಲ್ಲ. ಕ್ವಾಲಿಟಿ ಏರಿಸಿ ವ್ಯತ್ಯಾಸ ಕಾಣದ ಮಟ್ಟಕ್ಕೆ ತಂದ್ರೆ ಈ ವಿವರ ಎಲ್ಲಾ ವಾಪಸ್ ಬರುತ್ತೆ, ಆದ್ರೆ ಆಗ ಫೈಲ್ ಸೈಜೂ ಏರುತ್ತೆ, ಮೊದಲು ಕಂಡ ಆ ಭಾರೀ ಉಳಿತಾಯದಲ್ಲಿ ದೊಡ್ಡ ಪಾಲು ಹೋಗುತ್ತೆ. ಎರಡು ಪರೀಕ್ಷೆಗೆ ಎರಡು ಉತ್ತರ ಅಂದಿದ್ದು ಇದಕ್ಕೇ. ಸೈಜ್ ಒಂದೇ ಇಟ್ಟು ಹಿಂಡಿದಾಗ ಎವಿಐಎಫ್ ಎಲ್ಲರಿಗಿಂತ ಮುಂದೆ, ಕ್ವಾಲಿಟಿ ಒಂದೇ ಇಟ್ಟಾಗ ಜೆಪೆಗ್‌ಗಿಂತ ಮುಂದೆ ಇದ್ರೂ ಕೂದಲೆಳೆಯಷ್ಟು.

ಮತ್ತೆ ಟೈಮು. ದೊಡ್ಡ ಫೋಟೋನ ಎವಿಐಎಫ್ ಮಾಡೋಕೆ ಜೆಪೆಗ್‌ಗಿಂತ ಎಷ್ಟೋ ಪಟ್ಟು ಹೊತ್ತು ಬೇಕು, ಸ್ಪೀಡ್ ಏರ್ಸಿದ್ರೆ ಕಂಪ್ರೆಶನ್ ಕಮ್ಮಿ ಆಗುತ್ತೆ, ಇಳಿಸಿದ್ರೆ ಫ್ಯಾನ್ ಓಡ್ತಾ ಇರುತ್ತೆ. ನೆಟ್ ನಿಧಾನ ಇದ್ದಾಗ ಪ್ರೋಗ್ರೆಸಿವ್ ಜೆಪೆಗ್ ಮೊದಲು ಮಸುಕಾಗಿ ಪೂರ್ತಿ ಚಿತ್ರ ತೋರ್ಸಿ ಆಮೇಲೆ ಸ್ಪಷ್ಟ ಆಗ್ತಾ ಹೋಗುತ್ತಲ್ಲ, ಆ ಸೌಕರ್ಯ ಎವಿಐಎಫ್‌ನಲ್ಲಿ ಸಾಮಾನ್ಯವಾಗಿ ಸಿಗಲ್ಲ, ಫೈಲ್ ಪೂರ್ತಿ ಬರೋ ತನಕ ಖಾಲಿ ಜಾಗ.

ಎಚ್‌ಇಐಸಿ ಕೂಡ ಇದೇ ಕುಟುಂಬದ್ದು, ಒಳಗೆ ಎಚ್‌ಇವಿಸಿ ವಿಡಿಯೋ ಕೋಡೆಕ್. ಆಪಲ್ 2017ರಲ್ಲಿ ಐಒಎಸ್ 11ರ ಜೊತೆ ಐಫೋನ್‌ಗೆ ತಂತು, ಜೆಪೆಗ್‌ನ ಅರ್ಧ ಸೈಜ್‌ನಲ್ಲಿ ಅದೇ ಥರದ ಚಿತ್ರ ಸಿಗುತ್ತೆ ಅನ್ನೋದು ಫೋನ್ ಫೋಟೋಗಳ ಮಟ್ಟಿಗೆ ಹೆಚ್ಚುಕಮ್ಮಿ ಸರಿನೇ. ಕ್ವಾಲಿಟಿ ಬಗ್ಗೆ ನಂದೇನೂ ದೂರಿಲ್ಲ. ತೊಂದರೆ ಇರೋದು ಪೇಟೆಂಟ್‌ನಲ್ಲಿ, ಅದರಿಂದ ಕ್ರೋಮ್, ಫೈರ್‌ಫಾಕ್ಸ್ ಇದನ್ನ ತೋರ್ಸಲ್ಲ, ವಿಂಡೋಸ್‌ನಲ್ಲಿ ಬೇರೆ ಎಕ್ಸ್‌ಟೆನ್ಶನ್ ಬೇಕಾಗ್ಬಹುದು. ಫೋನ್ ಒಳಗೆ ಇಟ್ಕೊಳ್ಳೋಕೆ ಒಳ್ಳೇದು, ಹಂಚೋಕೆ ಜೆಪೆಗ್ ಮಾಡಿ ಕಳಿಸಿ. ಯಾವಾಗ್ಲೂ ಬೇರೆಯವರಿಗೆ ಕಳಿಸೋರು ಐಫೋನ್ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಅಂತ ಇರುತ್ತೆ, ಅದನ್ನ ಆರಿಸ್ಕೊಂಡ್ರೆ ನೇರ ಜೆಪೆಗ್ಗೇ ಬರುತ್ತೆ.

ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಜೆಪೆಗ್ ಎಕ್ಸ್‌ಎಲ್. ಗೂಗಲ್‌ನ ಪಿಕ್, ಕ್ಲೌಡಿನರಿ ಕಂಪನಿಯ ಎಫ್‌ಯುಐಎಫ್ ಅನ್ನೋ ಎರಡು ಪ್ರಯತ್ನ ಸೇರಿ ಹುಟ್ಟಿದ್ದು, 2022ರಲ್ಲಿ ಐಎಸ್ಒ ಸ್ಟ್ಯಾಂಡರ್ಡ್ ಆಯ್ತು. ವೆಬ್‌ಪಿ, ಎವಿಐಎಫ್, ಎಚ್‌ಇಐಸಿ ಮೂರೂ ವಿಡಿಯೋದಿಂದ ಎತ್ತಿಕೊಂಡು ಬಂದವು, ವಿಡಿಯೋದಲ್ಲಿ ಒಂದು ಫ್ರೇಮ್ ಕಣ್ಮುಂದೆ ಇರೋದು ಸೆಕೆಂಡಿನ ಒಂದು ಚೂರು ಹೊತ್ತು, ಹಂಗಾಗಿ ಹುಲ್ಲು ಒರೆಸಿಹೋದ್ರೆ ಯಾರೂ ಕೇಳಲ್ಲ. ಜೆಪೆಗ್ ಎಕ್ಸ್‌ಎಲ್‌ನ ಮೊದಲಿಂದಾನೂ ನಿಂತ ಚಿತ್ರಕ್ಕೆ, ಹೈ ಕ್ವಾಲಿಟಿಗೆ ಅಂತಾನೇ ಮಾಡಿದ್ದು, ಅದು ಎಲೆ, ಚರ್ಮ, ಗ್ರೇನ್ ಉಳಿಸೋ ರೀತಿಯಲ್ಲೇ ಕಾಣುತ್ತೆ. ವ್ಯತ್ಯಾಸ ಕಾಣದ ಮಟ್ಟಕ್ಕೆ ತಂದು ಸೈಜ್ ನೋಡೋ ಪರೀಕ್ಷೆಯಲ್ಲಿ ಇದೇ ಮುಂದೆ ಬಂತು, ಎನ್‌ಕೋಡ್ ಆಗೋಕೆ ಎವಿಐಎಫ್‌ನಷ್ಟು ಕಾಯಿಸೋದೂ ಇಲ್ಲ. ಇದರ ಇನ್ನೊಂದು ಗುಣ ಇಲ್ಲಿ ನೋಡಿದ ಬೇರೆ ಯಾವುದ್ರಲ್ಲೂ ಇಲ್ಲ, ಈಗಾಗ್ಲೇ ಇರೋ ಹಳೇ ಜೆಪೆಗ್ ಫೈಲನ್ನ ತಗೊಂಡು ಏನೂ ಕಳೆಯದೆ ಸುಮಾರು 20% ಚಿಕ್ಕದು ಮಾಡುತ್ತೆ, ಬೇಕಾದಾಗ ವಾಪಸ್ ತಿರುಗಿಸಿದ್ರೆ ಮೊದಲಿದ್ದ ಜೆಪೆಗ್ಗೇ ಒಂದು ಬಿಟ್ ಕೂಡ ಬದಲಾಗದೆ ಬರುತ್ತೆ. ವರ್ಷಾನುಗಟ್ಟಲೆ ತೆಗೆದ ಫೋಟೋ ಸಾವಿರಾರು ಇರೋರಿಗೆ ಇದೆಂಥ ವರ ಅಂತ ಯೋಚ್ನೆ ಮಾಡಿ.

ಇಷ್ಟಿದ್ರೂ ಕ್ರೋಮ್‌ನಲ್ಲಿ ಪ್ರಯೋಗಕ್ಕೆ ಅಂತ ಇದ್ದ ಬೆಂಬಲಾನ ತೆಗೀತೀವಿ ಅಂತ 2022ರಲ್ಲಿ ಹೇಳಿದ್ರು, ತೆಗೆದೂ ಬಿಟ್ರು, ನಂಗೆ ನಿಜವಾಗ್ಲೂ ನೋವಾದ ಸುದ್ದಿ ಅದು. ಆಪಲ್ 2023ರಲ್ಲಿ ಸಫಾರಿ 17ಕ್ಕೆ ತಂತು, 2024ರ ಐಫೋನ್ 16 ಪ್ರೋದಲ್ಲಿ ಪ್ರೋರಾ (ಆಪಲ್‌ನ ರಾ) ಫೋಟೋಗಳಿಗೆ ಬಳಸ್ತು, ಅಡೋಬಿಯ ಡಿಎನ್‌ಜಿ ಅನ್ನೋ ರಾ ಫಾರ್ಮ್ಯಾಟ್ ಒಳಗೂ ಸೇರ್ಕೊಂಡಿದೆ. ಅಂದ್ರೆ ಸತ್ತಿಲ್ಲ, ಫೋಟೋಗ್ರಫಿ ಕಡೆಯಿಂದ ಬೇರು ಬಿಡ್ತಾ ಇದೆ. ಆದ್ರೂ ವೆಬ್‌ಸೈಟ್‌ಗೆ ಇದೊಂದನ್ನೇ ನಂಬ್ಕೊಂಡು ಹಾಕಬೇಡಿ, ಎಲ್ಲರ ಬ್ರೌಸರ್‌ನಲ್ಲೂ ತೆರೆಯುತ್ತೆ ಅನ್ನೋ ಖಾತ್ರಿ ಇಲ್ಲ.

ಟಿಫ್, ರಾ ಇವು ಹಂಚೋ ಫೈಲ್‌ಗಳಲ್ಲ, ಕೆಲಸದ ಫೈಲ್‌ಗಳು. ಟಿಫ್ 1986ರಿಂದ ಇದೆ, ಸ್ಕ್ಯಾನ್‌ಗೆ, ಪ್ರಿಂಟಿಂಗ್‌ಗೆ, ಮ್ಯೂಸಿಯಂ ಲೈಬ್ರರಿಗಳ ದಾಖಲೆಗೆ ಇವತ್ತಿಗೂ ಅದೇ. ಆ 24 ಮೆಗಾಪಿಕ್ಸೆಲ್ ಚಿತ್ರ 16 ಬಿಟ್‌ನಲ್ಲಿ ಕಂಪ್ರೆಶನ್ ಇಲ್ಲದೆ 144 ಎಂಬಿ ಆಗುತ್ತೆ. ಇಲ್ಲಿ ಒಂದು ಎಚ್ಚರಿಕೆ, 16 ಬಿಟ್ ಟಿಫ್‌ಗೆ ಎಲ್‌ಜೆಡ್‌ಡಬ್ಲ್ಯೂ ಆರಿಸಿದ್ರೆ ಎಷ್ಟೋ ಸಲ ಫೈಲ್ ಚಿಕ್ಕದಾಗೋ ಬದಲು ದೊಡ್ಡದೇ ಆಗುತ್ತೆ, ಜಿಪ್ ಆರಿಸ್ಕೊಳ್ಳಿ. ರಾ ಅಂದ್ರೆ ಸೆನ್ಸರ್ ಕೊಟ್ಟಿದ್ದು ಕೊಟ್ಟ ಹಾಗೆ, 12 ಇಲ್ಲಾ 14 ಬಿಟ್, ಕತ್ತಲಲ್ಲಿ ಮುಳುಗಿದ ಮುಖಾನ ಆಮೇಲೆ ಎತ್ತೋಕೆ ಅವಕಾಶ ಇರೋದು ಅದರಲ್ಲೇ.

ಫಾರ್ಮ್ಯಾಟ್ ಬಗ್ಗೆ ಇಷ್ಟು ಹೇಳಿದ್ಮೇಲೆ ಫಾರ್ಮ್ಯಾಟ್‌ಗಿಂತ ಹೆಚ್ಚು ಉಳಿಸೋದನ್ನೂ ಹೇಳ್ಬೇಕು. ಪರದೆ ಮೇಲೆ ನೋಡೋ ಚಿತ್ರಕ್ಕೆ 6000 ಪಿಕ್ಸೆಲ್ ಅಗಲ ಯಾಕೆ, 2000ಕ್ಕೆ ಇಳಿಸಿದ್ರೆ ಪಿಕ್ಸೆಲ್ ಸಂಖ್ಯೆ ಒಂಬತ್ತರಲ್ಲಿ ಒಂದು ಪಾಲಾಗುತ್ತೆ, ಇಷ್ಟು ದೊಡ್ಡ ಉಳಿತಾಯಾನ ಕಣ್ಣಿಗೆ ಕಾಣದ ಹಾಗೆ ಯಾವ ಕೋಡೆಕ್ಕೂ ಕೊಡಲ್ಲ. ಮೆಸೇಜಿಂಗ್ ಆ್ಯಪ್‌ಗಳು ಫೋಟೋ ಅಂತ ಕಳಿಸಿದ್ದನ್ನ ತಾವಾಗೇ ಚಿಕ್ಕದು ಮಾಡಿ ಮತ್ತೆ ಜೆಪೆಗ್ ಮಾಡೋದು ಸಾಮಾನ್ಯ, ನೀವು ಕಷ್ಟಪಟ್ಟು ಆರಿಸಿದ ಫಾರ್ಮ್ಯಾಟ್ ಅಲ್ಲಿ ಲೆಕ್ಕಕ್ಕೇ ಬರಲ್ಲ, ಮೂಲ ಹಾಗೇ ತಲುಪಬೇಕಂದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮತ್ತೆ ಮೆಟಾಡೇಟಾ (ದಿನಾಂಕ, ಕ್ಯಾಮೆರಾ ಥರದ ಮಾಹಿತಿ) ತೆಗೆದು ಸೈಜ್ ಉಳಿಸೋ ಕೆಲವು ಟೂಲ್‌ಗಳು ಬಣ್ಣ ಹೇಗೆ ತೋರಿಸ್ಬೇಕು ಅಂತ ಹೇಳೋ ಕಲರ್ ಪ್ರೊಫೈಲನ್ನೂ ಜೊತೆಗೆ ಕಿತ್ತುಹಾಕ್ತವೆ, ಹೆಚ್ಚು ಗಾಢ ಬಣ್ಣ ಇಡೋ ಡಿಸ್‌ಪ್ಲೇ ಪಿ3ನಲ್ಲಿ ತೆಗೆದ ಫೋಟೋ ಆಗಿದ್ರೆ ಬಣ್ಣ ಎಲ್ಲಾ ಪೇಲವ ಆಗಿ, ಕ್ವಾಲಿಟಿ ಹೋಯ್ತು ಅಂತ ಜನ ಫಾರ್ಮ್ಯಾಟ್‌ನ ಬೈತಾರೆ. ಕೆಲವೇ ಕೆಬಿ ಉಳಿಸೋಕೆ ಅದನ್ನ ತೆಗೀಬೇಡಿ, ತೆಗೆಯೋದೇ ಆದ್ರೆ ಮೊದಲು ಎಲ್ಲಾ ಕಡೆ ನಡೆಯೋ ಎಸ್‌ಆರ್‌ಜಿಬಿ ಬಣ್ಣಕ್ಕೆ ಕನ್ವರ್ಟ್ ಮಾಡಿ ಆಮೇಲೆ ತೆಗೀರಿ.

ನಾನು ಈಗ ಇಟ್ಕೊಂಡಿರೋ ಪದ್ಧತಿ ಹೇಳ್ತೀನಿ. ಕ್ಯಾಮೆರಾದ್ದು ರಾ, ಹಳೇ ಫೋಟೋ ಸ್ಕ್ಯಾನ್ 16 ಬಿಟ್ ಟಿಫ್ ಜಿಪ್, ಇವೆರಡನ್ನ ಮುಟ್ಟೋದೇ ಇಲ್ಲ. ಯಾರಿಗಾದ್ರೂ ಕೊಡೋಕೆ ಜೆಪೆಗ್ಲಿಯಿಂದ ಮಾಡಿದ ಜೆಪೆಗ್, 90. ಸ್ಕ್ರೀನ್‌ಶಾಟ್ ಪಿಎನ್‌ಜಿ, ವೆಬ್‌ಸೈಟ್‌ಗಾದ್ರೆ ಲಾಸ್‌ಲೆಸ್ ವೆಬ್‌ಪಿ. ವೆಬ್‌ಸೈಟ್‌ನ ಫೋಟೋಗೆ ಎವಿಐಎಫ್ ಕೊಡ್ತೀನಿ, ತೆರೆಯದ ಬ್ರೌಸರ್‌ಗೆ ಅಂತ ವೆಬ್‌ಪೇಜ್ ಕೋಡಿನ ಪಿಕ್ಚರ್ ಟ್ಯಾಗ್‌ನಲ್ಲಿ ಜೆಪೆಗ್ಗೂ ಇರುತ್ತೆ, ಮುಖ ಇರೋ ಫೋಟೋ ಆದ್ರೆ ಕ್ವಾಲಿಟಿ ಒಂದು ಹಂತ ಮೇಲಕ್ಕೆ. ಹಳೇ ಜೆಪೆಗ್ ರಾಶಿನ ಜೆಪೆಗ್ ಎಕ್ಸ್‌ಎಲ್‌ಗೆ ಬದಲಾಯಿಸ್ತಾ ಇದೀನಿ, ಒಂದೊಂದನ್ನೂ ವಾಪಸ್ ಜೆಪೆಗ್ ಮಾಡಿ ಚೆಕ್‌ಸಮ್ (ಫೈಲ್‌ನ ಬೆರಳಚ್ಚಿನ ಥರದ ಸಂಖ್ಯೆ) ಮೂಲದ್ದಕ್ಕೆ ತಾಳೆ ಆಗುತ್ತಾ ಅಂತ ಸ್ಕ್ರಿಪ್ಟ್ ನೋಡುತ್ತೆ, ತಾಳೆ ಆದ್ಮೇಲೇ ಹಳೇದನ್ನ ಅಳಿಸೋದು, ನೀವೂ ಮಾಡೋದಾದ್ರೆ ಈ ಒಂದು ಹೆಜ್ಜೆ ಬಿಡಬೇಡಿ.